ಟಿನ್ ಫ್ಯಾಕ್ಟರಿಯಲ್ಲಿ ದಿನಕ್ಕೆ ಮೂರು ಪದ

ಬೆಂಗಳೂರಿನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಆಸುಪಾಸಿನ ಬೇಕರಿ, ಜ್ಯೂಸ್ ಅಂಗಡಿಗಳಲ್ಲಿ ನಮ್ಮ ಕರಾವಳಿಯ ಮಕ್ಕಳು ದುಡಿಯುತ್ತಾರೆ. ಬ್ಯಾರಿ, ಕನ್ನಡ, ಉರ್ದು, ತಮಿಳು ಎಲ್ಲ ಬರುತ್ತದೆ. ಇಂಗ್ಲಿಷ್ ಕಾಗದ ಕಂಡರೆ ಮಾತ್ರ ಬಾಯಿ ಕಟ್ಟುತ್ತದೆ.

ಕಳೆದ ವರ್ಷ ಒಬ್ಬ ಹುಡುಗ ಅಂಗಡಿ ಕರಾರಿಗೆ ಸಹಿ ಹಾಕಿದ. ಅದರಲ್ಲಿ 'ಲಾಕ್ ಇನ್' ಅಂತ ಇತ್ತು. ಬೀಗದ ವಿಷಯ ಇರಬೇಕು ಅಂದುಕೊಂಡ. ವ್ಯಾಪಾರ ಸಾಗದೆ ಆರನೇ ತಿಂಗಳು ಬಿಡಲು ಹೋದಾಗ ಗೊತ್ತಾಯಿತು, ಅವಧಿಗೆ ಮೊದಲು ಬಿಡುವ ಹಾಗಿಲ್ಲ. ಅಡ್ವಾನ್ಸ್ ಪೂರ್ತಿ ಹೋಯಿತು. "ಉಸ್ತಾದೇ, ಒಂದು ಪದಕ್ಕೆ ಇಷ್ಟು ಹಣವಾ?" ಎಂದ.

ಅಂದಿನಿಂದ ಇಶಾ ನಮಾಝಿನ ಬಳಿಕ ನಾವು ಕಾಲು ಗಂಟೆ ಕೂರುತ್ತೇವೆ. ದಿನಕ್ಕೆ ಮೂರೇ ಪದ, ಅದೂ ಅವರವರ ಅಂಗಡಿಯ ಬಿಲ್ಲು, ಪ್ಯಾಕೆಟ್ ಮೇಲಿನದ್ದು. 'ಎಕ್ಸ್‌ಪೈರಿ', 'ಬೆಸ್ಟ್ ಬಿಫೋರ್' ಎರಡೂ ಒಂದೇ ಅಂತ ಎಲ್ಲರೂ ತಿಳಿದಿದ್ದರು. ಮೊದಲನೆಯದು ದಾಟಿದರೆ ತಿನ್ನಬಾರದು. ಎರಡನೆಯದು ರುಚಿ, ಗುಣದ ಮಾತು. ಅರ್ಥ ಬರೆದರೆ ಸಾಲದು, ಆ ಪದ ಹಾಕಿ ಒಂದು ವಾಕ್ಯ ಹೇಳಬೇಕು. ಮದ್ರಸದ ಕ್ರಮವೇ ಇಲ್ಲೂ: ಹಳೆ ಪಾಠ ಒಪ್ಪಿಸದೆ ಹೊಸದಿಲ್ಲ.

ಅರಬಿ ಓದಿದವರಿಗೆ ಒಂದು ಲಾಭವೂ ಉಂಟು. 'ಕಾಟನ್' ನಮ್ಮ ಕುತ್ನ್, 'ಲೆಮನ್' ಲೈಮೂನ್, 'ಆಲ್ಜೀಬ್ರಾ' ಅಲ್-ಜಬ್ರ್. 'ಶುಗರ್' ಅರಬಿಯ ಸುಕ್ಕರ್‌ನಿಂದ ಹೋದದ್ದು. ಆ ಸುಕ್ಕರ್ ನಮ್ಮ ದೇಶದ ಶರ್ಕರದಿಂದ. ಇದನ್ನು ಕೇಳಿ ಬೇಕರಿ ಹುಡುಗರಿಗೆ ಭಾರೀ ಖುಷಿ.

ಆ ಹುಡುಗ ಈಗ ಬೇರೆ ಅಂಗಡಿ ನೋಡಿದ್ದಾನೆ. ಕರಾರು ತಂದು ಏಳು ಪದಗಳಿಗೆ ಗೆರೆ ಎಳೆದಿದ್ದಾನೆ. ಎರಡು ನಮಗೂ ತಿಳಿಯಲಿಲ್ಲ. ನಾಳೆ ಪರಿಚಯದ ವಕೀಲರ ಬಳಿ ಹೋಗುತ್ತಿದ್ದೇವೆ. ಸಹಿ ಅದರ ನಂತರ.