ಬಾಳೆಹಣ್ಣಿನ ಪುಡ್ಡಿಂಗ್: ಪಾಕ ಉಳಿಯಿತು, ಹಣ್ಣು ಬದಲಾಯಿತು

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ಟೆನೆಸ್ಸಿ, ಜಾರ್ಜಿಯ, ಅಲಬಾಮ, ಕೆರೊಲಿನಾಗಳ ಕಡೆ, ಚರ್ಚಿನ ಸಹಭೋಜನವಿರಲಿ, ಬಂಧುಗಳೆಲ್ಲ ಸೇರುವ ಬೇಸಗೆಯ ಕೂಟವಿರಲಿ, ಬಾಳೆಹಣ್ಣಿನ ಪುಡ್ಡಿಂಗ್ ಇಲ್ಲದಿದ್ದರೆ ಊಟ ಪೂರ್ತಿಯಾದಂತಲ್ಲ. ಕೇಳಿದರೆ ಇದು ನಮ್ಮ ಅಜ್ಜಿಯ ಕಾಲದ್ದು ಎನ್ನುತ್ತಾರೆ. ಅಜ್ಜಿಯ ಕಾಲದ್ದು ಎಂಬುದೇನೋ ನಿಜ. ಆದರೆ ಆ ಅಜ್ಜಿಯ ಅಜ್ಜಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಆಕೆ ಬಾಳೆಹಣ್ಣನ್ನೇ ಕಂಡಿದ್ದರೆ ಹೆಚ್ಚು.

ನಮ್ಮಲ್ಲಿ ಮನೆಗೆ ನೆಂಟರು ಬಂದಾಗ ನಾಲ್ಕು ಹಣ್ಣು ಹೆಚ್ಚಿ, ತೆಂಗಿನಹಾಲು, ಬೆಲ್ಲ, ಏಲಕ್ಕಿ ಬೆರೆಸಿ ರಸಾಯನ ಮಾಡುವುದುಂಟು. ಹಣ್ಣು ಹಿತ್ತಿಲಿನದು, ಕಾಯಿ ಹಿತ್ತಿಲಿನದು. ಅಮೆರಿಕದ ಪುಡ್ಡಿಂಗಿನ ಕಥೆ ಇದಕ್ಕೆ ತೀರ ವಿರುದ್ಧ. ಅದರ ಹಣ್ಣು ಹಡಗಿನಲ್ಲಿ ಬಂದದ್ದು, ಬಿಸ್ಕತ್ತು ಕಾರ್ಖಾನೆಯಿಂದ ಬಂದದ್ದು, ಪಾಕವಿಧಾನವನ್ನು ಮನೆಮನೆಗೆ ಮುಟ್ಟಿಸಿದ್ದು ಪತ್ರಿಕೆಗಳು ಮತ್ತು ಬಿಸ್ಕತ್ತಿನ ಡಬ್ಬಿ. ಸಂಪ್ರದಾಯವೆಂಬುದು ಎಷ್ಟು ಬೇಗ ಹುಟ್ಟಿ ಬೇರೂರಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಕಪ್ತಾನ ಜಮೈಕಾದಿಂದ ಕೆಲವು ಬಾಳೆಗೊನೆಗಳನ್ನು ತಂದು ನ್ಯೂಯಾರ್ಕಿನ ಎದುರು ದಂಡೆಯ ಜೆರ್ಸಿ ಸಿಟಿಯಲ್ಲಿ ಮಾರಿದ. ಒಳ್ಳೆಯ ಲಾಭ ಬಂತು. ಬಾಳೆಹಣ್ಣು ಆಗ ಉತ್ತರ ಅಮೆರಿಕದವರಿಗೆ ಕುತೂಹಲದ ವಸ್ತು. 1885ರಲ್ಲಿ ಬೋಸ್ಟನ್ ಫ್ರೂಟ್ ಕಂಪನಿ ಹುಟ್ಟಿತು; 1899ರಲ್ಲಿ ಅದು ಇನ್ನೊಂದು ಉದ್ಯಮದೊಡನೆ ಸೇರಿ ಯುನೈಟೆಡ್ ಫ್ರೂಟ್ ಕಂಪನಿಯಾಯಿತು. ಮಧ್ಯ ಅಮೆರಿಕದ ಕಾಡು ಕಡಿದು ತೋಟ, ತೋಟದಿಂದ ಬಂದರಿಗೆ ರೈಲು, ಬಂದರಿನಿಂದ ತಂಪು ಹಡಗು, ಹೀಗೆ ಒಂದು ಸರಪಳಿಯೇ ಬೆಳೆಯಿತು. ನ್ಯೂ ಆರ್ಲಿಯನ್ಸ್ ಬಂದರಿನಲ್ಲಿಳಿದ ಗೊನೆಗಳು ರೈಲು ಹತ್ತಿ ಉತ್ತರಕ್ಕೆ ಹೋಗುವಾಗ ಕೆಂಟಕಿಯ ಫುಲ್ಟನ್ ಎಂಬ ಸಣ್ಣ ಊರಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿ ಡಬ್ಬಿಗಳಿಗೆ ಮತ್ತೆ ಮಂಜುಗಡ್ಡೆ ತುಂಬಬೇಕಿತ್ತು. ಬಾಳೆಯನ್ನೇ ಬೆಳೆಯದ ಆ ಊರು ಮುಂದೆ ಬಾಳೆಹಣ್ಣಿನ ಉತ್ಸವ ನಡೆಸಿ, ಒಂದು ಟನ್ ತೂಕದ ಪುಡ್ಡಿಂಗ್ ಮಾಡಿ ಹಂಚಿ ಹೆಸರಾಯಿತು.

ಹಣ್ಣು ಅಗ್ಗವಾದದ್ದಕ್ಕೆ ಬೇರೆಯವರು ಬೆಲೆ ತೆತ್ತರು ಎಂಬುದನ್ನೂ ಮರೆಯುವಂತಿಲ್ಲ. ಹಣ್ಣಿನ ಕಂಪನಿಗಳ ಅಂಕೆಯಲ್ಲಿದ್ದ ಸಣ್ಣ ದೇಶಗಳನ್ನು 'ಬನಾನಾ ರಿಪಬ್ಲಿಕ್' ಎಂದು ಹಂಗಿಸುವ ಮಾತು 1904ರಲ್ಲಿ ಪ್ರಕಟವಾದ ಓ. ಹೆನ್ರಿಯ ಪುಸ್ತಕದಿಂದ ಬಂದದ್ದು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಾಗದಲ್ಲಿ ಮುಷ್ಕರ ಹೂಡಿದ್ದ ತೋಟದ ಕೂಲಿಕಾರರ ಮೇಲೆ ಸೇನೆ ಗುಂಡು ಹಾರಿಸಿತು.

ಇತ್ತ ಅಮೆರಿಕದ ಅಡುಗೆಮನೆಗಳಲ್ಲಿ ಹೊಸ ಹಣ್ಣಿಗೆ ಹಳೆಯ ಪಾತ್ರೆಯೊಂದು ಸಿದ್ಧವಾಗಿತ್ತು. ಮೆತ್ತನೆಯ ಕೇಕಿನ ತುಂಡು, ಕಸ್ಟರ್ಡ್, ಹಣ್ಣುಗಳನ್ನು ಪದರಪದರವಾಗಿ ಜೋಡಿಸುವ 'ಟ್ರೈಫಲ್' ಎಂಬ ಇಂಗ್ಲಿಷರ ಸಿಹಿಯೇ ಅದು. 1888ರಲ್ಲಿ 'ಗುಡ್ ಹೌಸ್‌ಕೀಪಿಂಗ್' ಪತ್ರಿಕೆಯಲ್ಲಿ ಬಂದ ಬಾಳೆಹಣ್ಣಿನ ಪುಡ್ಡಿಂಗಿನಲ್ಲಿ ಇದ್ದದ್ದು ಕೇಕೇ. 1920ರ ದಶಕದಲ್ಲಿ ಗೃಹಿಣಿಯರು ಕೇಕಿನ ಬದಲು ಅಂಗಡಿಯಲ್ಲಿ ಸಿಗುವ ವೆನಿಲಾ ವೇಫರ್ ಎಂಬ ಪುಟ್ಟ ದುಂಡು ಬಿಸ್ಕತ್ತನ್ನು ಹಾಕತೊಡಗಿದರು. ಕೇಕು ಸುಡುವ ಶ್ರಮ ಉಳಿಯಿತು. ನಬಿಸ್ಕೊ ಕಂಪನಿ ಈ ಜಾಣತನವನ್ನು ಗಮನಿಸಿ ಪಾಕವಿಧಾನವನ್ನು ತನ್ನ ಡಬ್ಬಿಯ ಮೇಲೆಯೇ ಅಚ್ಚು ಹಾಕಿತು. ಗೃಹಿಣಿಯಿಂದ ಕಂಪನಿಗೆ, ಕಂಪನಿಯಿಂದ ಮತ್ತೆ ಸಾವಿರಾರು ಗೃಹಿಣಿಯರಿಗೆ ಹೋದ ಪಾಕ ಒಂದೆರಡು ತಲೆಮಾರಿನಲ್ಲಿ 'ನಮ್ಮ ಅಜ್ಜಿಯದು' ಆಯಿತು.

ಮಾಡುವ ಕ್ರಮ ಸುಲಭ, ಆದರೆ ತಾಳ್ಮೆ ಬೇಕು. ಅರ್ಧ ಬಟ್ಟಲು ಸಕ್ಕರೆ, ಮೂರನೇ ಒಂದು ಬಟ್ಟಲು ಮೈದಾ, ಚಿಟಿಕೆ ಉಪ್ಪು ಬೆರೆಸಿ, ಮೂರು ಮೊಟ್ಟೆಗಳ ಹಳದಿ ಭಾಗ ಮತ್ತು ಎರಡು ಬಟ್ಟಲು ಹಾಲು ಸೇರಿಸಿ ಗಂಟಿಲ್ಲದಂತೆ ಕಲಸಬೇಕು. ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುವುತ್ತಿರಬೇಕು. ಬರಿಯ ಹಾಲು, ಮೊಟ್ಟೆಯಾಗಿದ್ದರೆ ಶಾಖ ತುಸು ಹೆಚ್ಚಾದರೂ ಒಡೆದು ಕಾಳುಕಾಳಾಗುತ್ತಿತ್ತು. ಮೈದಾದ ಪಿಷ್ಟ ಹಾಗಾಗದಂತೆ ತಡೆಯುತ್ತದೆ. ಹಾಗೆಂದು ಗಟ್ಟಿಯಾಯಿತೆಂದು ಬೇಗ ಇಳಿಸುವಂತೆಯೂ ಇಲ್ಲ. ಹಳದಿ ಭಾಗದಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವೊಂದಿದೆ. ಅಲ್ಲಲ್ಲಿ ಗುಳ್ಳೆ ಏಳುವವರೆಗೆ ಕುದಿಸಿ ಅದನ್ನು ನಿಷ್ಕ್ರಿಯಗೊಳಿಸದಿದ್ದರೆ ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಗಾಗುವಷ್ಟರಲ್ಲಿ ನೀರಾಗಿರುತ್ತದೆ. ಇಳಿಸಿದ ಮೇಲೆ ಅರ್ಧ ಚಮಚ ವೆನಿಲಾ.

ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಪದರ ವೇಫರ್, ಒಂದು ಪದರ ಬಾಳೆಹಣ್ಣಿನ ಬಿಲ್ಲೆ, ಮೇಲೆ ಕಸ್ಟರ್ಡ್. ಹೀಗೆ ಎರಡು ಮೂರು ಸಲ. ಐದು ಹಣ್ಣು, ನಲವತ್ತರಷ್ಟು ವೇಫರ್ ಹಿಡಿಸುತ್ತದೆ. ಹೆಚ್ಚಿದ ಬಾಳೆಹಣ್ಣು ಗಾಳಿ ತಾಗಿದರೆ ಕಪ್ಪಾಗುವುದು ನಮಗೆ ಗೊತ್ತಿದ್ದದ್ದೇ, ಆದ್ದರಿಂದ ಒಂದು ಬಿಲ್ಲೆಯೂ ಹೊರಗೆ ಕಾಣದಂತೆ ಕಸ್ಟರ್ಡ್ ಮುಚ್ಚಬೇಕು. ಉಳಿದ ಮೊಟ್ಟೆಯ ಬಿಳಿಯನ್ನು ಕಾಲು ಬಟ್ಟಲು ಸಕ್ಕರೆಯೊಡನೆ ನೊರೆಯಾಗಿ ಗಟ್ಟಿಯಾಗುವಂತೆ ಕಡೆದು ಮೇಲೆ ಹರಡಿ, 175 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಕಾಲು ಗಂಟೆ ಇಟ್ಟರೆ ಹೊಂಬಣ್ಣ ಬರುತ್ತದೆ. ಆಮೇಲೆ ಕೆಲವು ಗಂಟೆ ಮುಟ್ಟಬಾರದು. ಗರಿಗರಿಯಾದ ವೇಫರ್ ಕಸ್ಟರ್ಡಿನ ತೇವ ಹೀರಿ ಮತ್ತೆ ಕೇಕಿನಂತೆ ಮೆತ್ತಗಾಗುತ್ತದೆ. ಹಳೆಯ ಟ್ರೈಫಲ್ ಹೀಗೆ ತಾನಾಗಿಯೇ ಮರಳಿ ಬರುತ್ತದೆ.

ಹಣ್ಣಿನ ಆಯ್ಕೆಯಲ್ಲಿ ಅರ್ಧ ರುಚಿ ಅಡಗಿದೆ. ಕಾಯಿಯಲ್ಲಿ ಶೇಕಡ 20ಕ್ಕೂ ಮೇಲಿರುವ ಪಿಷ್ಟ ಪೂರ್ತಿ ಹಣ್ಣಾಗುವಾಗ ಒಂದೆರಡು ಭಾಗಕ್ಕೆ ಇಳಿದು ಉಳಿದದ್ದೆಲ್ಲ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಂದು ಚುಕ್ಕಿ ಬಿದ್ದ, ಆದರೆ ಬಿಗಿ ಕಳೆದುಕೊಳ್ಳದ ಹಣ್ಣು ಇದಕ್ಕೆ ತಕ್ಕದ್ದು.

ಆದರೆ ಯಾವ ಹಣ್ಣು? ಈ ಪಾಕ ರೂಢಿಗೆ ಬಂದಾಗ ಅಮೆರಿಕದಲ್ಲಿ ಮಾರುತ್ತಿದ್ದದ್ದು ಗ್ರೋ ಮಿಷೆಲ್ ಎಂಬ ತಳಿ. ಸಿಪ್ಪೆ ದಪ್ಪ, ಪರಿಮಳ ಹೆಚ್ಚು, ಇಡೀ ಗೊನೆಯನ್ನೇ ಹಡಗಿಗೆ ತುಂಬಿದರೂ ನಜ್ಜಾಗುತ್ತಿರಲಿಲ್ಲ. ಬಾಳೆಗೆ ಬೀಜವಿಲ್ಲ; ಕಂದಿನಿಂದಲೇ ಹೊಸ ಗಿಡ. ಹಾಗಾಗಿ ಲಕ್ಷಾಂತರ ಎಕರೆಯ ತೋಟವೆಂದರೂ ಅದು ಒಂದೇ ಗಿಡದ ನಕಲುಗಳು. ಒಂದಕ್ಕೆ ತಾಗಿದ ರೋಗ ಎಲ್ಲಕ್ಕೂ ತಾಗುತ್ತದೆ. ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಬೇರಿನಿಂದ ನುಗ್ಗಿ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವ ಅದಕ್ಕೆ ಔಷಧಿಯಿಲ್ಲ. ಕಂಪನಿಗಳು ಹಾಳುಬಿದ್ದ ತೋಟ ಬಿಟ್ಟು ಹೊಸ ಕಾಡು ಕಡಿಯುತ್ತ ಹೋದವು. 1960ರ ದಶಕದ ಹೊತ್ತಿಗೆ ಸೋತು ಕ್ಯಾವೆಂಡಿಷ್ ತಳಿಗೆ ಬದಲಾದವು. ನಮ್ಮ ಪಚ್ಚಬಾಳೆ ಇದೇ ಗುಂಪಿನದು. ಡಬ್ಬಿಯ ಮೇಲಿನ ಪಾಕ ಹಾಗೆಯೇ ಉಳಿಯಿತು, ಒಳಗಿನ ಹಣ್ಣು ಮಾತ್ರ ಬೇರೆಯದಾಯಿತು.

ಈಗ ಕ್ಯಾವೆಂಡಿಷಿನ ಸರದಿ. ಅದೇ ಶಿಲೀಂಧ್ರದ ಟಿಆರ್-4 ಎಂಬ ಇನ್ನೊಂದು ಬಗೆ ಏಷ್ಯಾದಲ್ಲಿ ಹರಡಿ, ಭಾರತಕ್ಕೂ ಕಾಲಿಟ್ಟು, 2019ರಲ್ಲಿ ಕೊಲಂಬಿಯಾದಲ್ಲಿ ಪತ್ತೆಯಾಯಿತು. ಅದನ್ನು ತಡೆದುಕೊಳ್ಳುವಂತೆ ವಂಶವಾಹಿ ಮಾರ್ಪಡಿಸಿದ ಕ್ಯಾವೆಂಡಿಷ್ ತಳಿಯೊಂದಕ್ಕೆ 2024ರಲ್ಲಿ ಆಸ್ಟ್ರೇಲಿಯ ಅನುಮತಿ ಕೊಟ್ಟಿದೆ. ಕಾಕತಾಳೀಯವೆಂಬಂತೆ, ಈ ಪುಡ್ಡಿಂಗಿನಿಂದಲೇ ಹೆಸರಾದ ನ್ಯೂಯಾರ್ಕಿನ ಮ್ಯಾಗ್ನೋಲಿಯ ಬೇಕರಿ ಬೆಂಗಳೂರಿನಲ್ಲಿ ಅಂಗಡಿ ತೆರೆದದ್ದೂ 2019ರಲ್ಲೇ.

ಬೆಂಗಳೂರಿನವರು ಹಾಗೆ ಚಮಚದಲ್ಲಿ ಸವಿಯುವಾಗ ನೆನೆಯಬೇಕಾದ ಊರು ದೂರವೇನಿಲ್ಲ. ನಂಜನಗೂಡಿನ ರಸಬಾಳೆ ಗ್ರೋ ಮಿಷೆಲ್ ತಳಿಗೆ ನೆಂಟನಲ್ಲ, ಆದರೆ ಎರಡನ್ನೂ ನೆಲಕ್ಕೆ ಕೆಡವಿದ್ದು ಅದೇ ಸೊರಗು ರೋಗ. ಮನೆಯೊಳಗಿಟ್ಟರೆ ಬೀದಿಗೆ ಪರಿಮಳ ಬರುತ್ತಿತ್ತೆಂದು ಹಿರಿಯರು ಹೇಳುವ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಂಗಾಂಶ ಕೃಷಿಯ ಸಸಿಗಳಿಂದ ಅದನ್ನು ಮತ್ತೆ ಬೆಳೆಸುವ ಪ್ರಯತ್ನಗಳೂ ನಡೆದಿವೆ. ಆದರೂ ಅಂಗಡಿಯಲ್ಲಿ ಅದನ್ನು ಹುಡುಕಿ ತರುವುದು ಕಷ್ಟ.

ಪಾಕವಿಧಾನವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮೊಮ್ಮಕ್ಕಳಿಗೆ ಕೊಡಬಹುದು. ಹಣ್ಣನ್ನು ಹಾಗೆ ಬರೆದಿಡಲಾಗದು. ಅದು ಯಾರಾದರೂ ಕಂದು ನೆಟ್ಟು ಬೆಳೆದರೆ ಮಾತ್ರ ಉಳಿಯುತ್ತದೆ. ಅಮೆರಿಕ ಒಂದೇ ತಳಿಯನ್ನು ನಂಬಿತು. ನಮ್ಮಲ್ಲಿ ಇನ್ನೂ ಏಲಕ್ಕಿಬಾಳೆ, ಪುಟ್ಟಬಾಳೆ, ಕಮಲಾಪುರದ ಕೆಂಪುಬಾಳೆ, ಅಲ್ಲೊಂದು ಇಲ್ಲೊಂದು ತೋಟದಲ್ಲಿ ರಸಬಾಳೆ ಇವೆ. ರಸಾಯನಕ್ಕಾಗಲಿ ಪುಡ್ಡಿಂಗಿಗಾಗಲಿ ಇವುಗಳಲ್ಲೊಂದನ್ನು ಕೇಳಿ ಕೊಂಡು ತಂದರೆ, ಅದನ್ನು ಬೆಳೆಯುವವನಿಗೆ ಮುಂದಿನ ವರ್ಷವೂ ಕಂದು ನೆಡಲು ಒಂದು ಕಾರಣ ಸಿಕ್ಕಂತಾಗುತ್ತದೆ.