ಒಂದು ಯುದ್ಧ ಸಾಲದೇ ಹೋದದ್ದೇಕೆ?

1767, 1780, 1790, 1799. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಈ ಇಸವಿಗಳು ಬಾಯಿಪಾಠ. ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ ಯುದ್ಧ ಆರಂಭವಾದ ವರ್ಷಗಳಿವು. ಆದರೆ ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಾಣದ ಪ್ರಶ್ನೆಯೊಂದಿದೆ: ಒಂದೇ ಯುದ್ಧಕ್ಕೆ ಈ ಜಗಳ ಮುಗಿಯಲಿಲ್ಲವೇಕೆ?

ಉತ್ತರ ಹುಡುಕಲು ಕೋಲಾರ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹೈದರಾಲಿ ಹುಟ್ಟಿದ್ದು ಇಲ್ಲಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮುಹಮ್ಮದನ ಗೋರಿ ಇರುವುದು ಕೋಲಾರ ಪಟ್ಟಣದಲ್ಲಿ. ಮುಳಬಾಗಿಲು ಎಂಬ ಹೆಸರಿಗೆ ಮೂಡಲ ಬಾಗಿಲು ಎಂದು ಅರ್ಥ ಹೇಳುತ್ತಾರೆ. ಮದರಾಸಿನ ಕಡೆಯಿಂದ ಬಂದ ಸೈನ್ಯಗಳು ತಟ್ಟಿದ್ದೂ ಈ ಬಾಗಿಲನ್ನೇ.

ಬೆಟ್ಟದ ಮೇಲಿನ ಕೋಟೆ

1768ರಲ್ಲಿ ಕಂಪನಿಯ ಪಡೆ ಮುಳಬಾಗಿಲಿನ ಬೆಟ್ಟದ ಕೋಟೆಯನ್ನು ಹಿಡಿಯಿತು. ಹೈದರಾಲಿ ಅದನ್ನು ಮರಳಿ ಪಡೆದ. ಅಕ್ಟೋಬರ್ 4ರಂದು ಕರ್ನಲ್ ವುಡ್ ಅದನ್ನು ಮತ್ತೆ ಕಸಿಯಲು ಬಂದು ಹೈದರಾಲಿಯ ದೊಡ್ಡ ಸೈನ್ಯಕ್ಕೆ ಸಿಕ್ಕಿಬಿದ್ದ. ಕರ್ನಲ್ ಸ್ಮಿತ್ ನೆರವಿಗೆ ಬಂದನೆಂದು ಬೆಟ್ಟದಿಂದ ಸುಳ್ಳೇ ಕೂಗು ಹಾಕಿಸಿದ್ದರಿಂದ ಕಂಪನಿಯ ಪಡೆ ಹೇಗೋ ಉಳಿದುಕೊಂಡಿತು. ಮರುತಿಂಗಳು ಮಾಲೂರಿಗೆ ಹತ್ತಿರದ ಬಾಗಲೂರಿನಲ್ಲಿ ವುಡ್ ತೋಪುಗಳನ್ನೂ ಸಾಮಾನು ಸರಂಜಾಮನ್ನೂ ಕಳೆದುಕೊಂಡ. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತಾಗ ಒಪ್ಪಂದವಾಯಿತು. ಗೆದ್ದ ನೆಲವನ್ನು ಹಿಂತಿರುಗಿಸುವುದು, ಕಷ್ಟಕಾಲದಲ್ಲಿ ಪರಸ್ಪರ ನೆರವಾಗುವುದು ಅದರ ಷರತ್ತು.

ಒಪ್ಪಂದವನ್ನು ಉಳಿಸಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮರಾಠರು ಮೈಸೂರಿನ ಮೇಲೆ ದಂಡೆತ್ತಿ ಬಂದಾಗ ಕಂಪನಿ ನೆರವಿಗೆ ಬರಲಿಲ್ಲ. ಈ ಸಿಟ್ಟೂ ಸೇರಿ 1780ರಲ್ಲಿ ಹೈದರಾಲಿ ಕರ್ನಾಟಿಕ್ ಸೀಮೆಗೆ ನುಗ್ಗಿದ. ಊರುಗಳು ಉರಿದವು. 1791ರಲ್ಲಿ ಕಾರ್ನ್‌ವಾಲಿಸ್ ಘಾಟಿ ಹತ್ತಿ ಬಂದು ಕೋಲಾರ, ಹೊಸಕೋಟೆಗಳನ್ನು ಹಿಡಿದು ಬೆಂಗಳೂರಿಗೆ ನಡೆದ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಅಷ್ಟು ಅವಮಾನವಾದ ಮೇಲೆ ಶಾಂತಿ ಉಳಿಯುವುದುಂಟೆ? ಏಳು ವರ್ಷಕ್ಕೆ ನಾಲ್ಕನೆಯ ಯುದ್ಧ.

1799ರಲ್ಲಿ ಟಿಪ್ಪು ಸತ್ತ, ಎಲ್ಲವೂ ಮುಗಿಯಿತಲ್ಲ ಎನ್ನಬಹುದು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ಹೊಸ ಉಡುಪಿನ ನಿಯಮಗಳಿಂದ ಕೆರಳಿ ದಂಗೆಯೆದ್ದರು. ಆಗ ಅವರು ಕೋಟೆಯಲ್ಲಿ ಏರಿಸಿದ್ದು ಮೈಸೂರಿನ ಬಾವುಟವನ್ನೇ!

ಕೋಟೆಯಿಲ್ಲದ ಶತ್ರು

ರಾಜರ ಯುದ್ಧವೇ ಬೇರೆ, ಇಂದಿನ ಭಯೋತ್ಪಾದನೆಯೇ ಬೇರೆ. ನಿಜ. ರಾಜನಿಗೆ ಹಿಡಿಯಲು ರಾಜಧಾನಿ ಇರುತ್ತದೆ, ಮಾತಾಡಲು ವಕೀಲ ಇರುತ್ತಾನೆ. ಭಯೋತ್ಪಾದಕ ಜನರ ನಡುವೆಯೇ ಅಡಗಿರುತ್ತಾನೆ. ಅವನಿಗೆಂದು ಹಾಕಿದ ಬಾಂಬು ಪಕ್ಕದ ಮನೆಯ ಮಗುವನ್ನೂ ಕೊಲ್ಲುತ್ತದೆ. ಆ ಮಗುವಿನ ಅಣ್ಣ ನಾಳೆ ಯಾರ ಕಡೆ ಸೇರುತ್ತಾನೆ? 2001ರಲ್ಲಿ ಅಮೆರಿಕ ಆಫ್ಘಾನಿಸ್ತಾನದಲ್ಲಿ ತಾಲಿಬಾನ್ ಸರ್ಕಾರವನ್ನು ಕೆಲವೇ ವಾರಗಳಲ್ಲಿ ಉರುಳಿಸಿತು. 2021ರಲ್ಲಿ ಅದೇ ತಾಲಿಬಾನ್ ಕಾಬೂಲಿಗೆ ಮರಳಿತು.

ಅಮೆರಿಕದ ರ್ಯಾಂಡ್ ಸಂಸ್ಥೆ 1968ರಿಂದ 2006ರವರೆಗಿನ ಭಯೋತ್ಪಾದಕ ಗುಂಪುಗಳನ್ನು ಅಭ್ಯಸಿಸಿ 2008ರಲ್ಲಿ ವರದಿ ಪ್ರಕಟಿಸಿತು. ಕೊನೆಗೊಂಡ ಗುಂಪುಗಳ ಪೈಕಿ ಶೇ. 43 ರಾಜಕೀಯ ಮಾರ್ಗಕ್ಕೆ ಬಂದವು, ಶೇ. 40 ಪೊಲೀಸ್ ಮತ್ತು ಗುಪ್ತಚರರ ಕೆಲಸದಿಂದ ಮುಗಿದವು. ಸೈನ್ಯಬಲದಿಂದ ಮುಗಿದದ್ದು ಶೇ. 7 ಮಾತ್ರ.

ನಮ್ಮ ರಾಜ್ಯದ ಪಾಠ

2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರಿನ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಒಂದು ವಾರದೊಳಗೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿದರು. ನಿದ್ದೆಯಲ್ಲಿದ್ದ ಪೊಲೀಸರು ಪ್ರಾಣ ಕಳೆದುಕೊಂಡರು. ಅವರೂ ಯಾರದೋ ಮಕ್ಕಳೇ.

ಇಪ್ಪತ್ತು ವರ್ಷಗಳ ನಂತರ, 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಪೊಲೀಸರ ಒತ್ತಡ ಇರಲಿಲ್ಲವೆಂದಲ್ಲ. ಹಿಂದಿನ ನವೆಂಬರಿನಲ್ಲಷ್ಟೇ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತಿದ್ದ. ಆದರೆ ಒತ್ತಡದ ಜೊತೆಗೆ ಹಿಂತಿರುಗುವ ದಾರಿಯೂ ತೆರೆದಿತ್ತು. ಮಧ್ಯೆ ನಿಂತು ಮಾತಾಡುವವರಿದ್ದರು, ಪುನರ್ವಸತಿಯ ಭರವಸೆಯಿತ್ತು.

ಹಾಗಾದರೆ ಪೆಟ್ಟು ತಿಂದು ಸುಮ್ಮನಿರಬೇಕೇ? ಖಂಡಿತ ಬೇಡ. ಪ್ರಜೆಗಳನ್ನು ಕಾಪಾಡುವುದು, ಕೊಂದವರನ್ನು ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸುವುದು ಸರ್ಕಾರದ ಮೊದಲ ಕರ್ತವ್ಯ. ತಪ್ಪು ಮಾಡಿದವನನ್ನು ಶಿಕ್ಷಿಸುವುದು ನ್ಯಾಯ. ಅವನ ಊರನ್ನೇ ಸುಡುವುದು ಸೇಡು. ನ್ಯಾಯಕ್ಕೆ ಒಂದು ಕೊನೆ ಇದೆ, ಸೇಡಿಗೆ ಇಲ್ಲ. ಶ್ರೀನಿವಾಸಪುರದ ತೋಪಿನ ಬದುವಿನ ಜಗಳವಾದರೂ ಸರಿ, ಎರಡು ದೇಶಗಳ ಗಡಿಯ ಜಗಳವಾದರೂ ಸರಿ, ಇದು ಒಂದೇ.

ತಾಯಿತಂದೆಯರು ಮುಂದಿನ ಸಲ ಮಕ್ಕಳ ಬಾಯಲ್ಲಿ ಆ ನಾಲ್ಕು ಇಸವಿಗಳನ್ನು ಹೇಳಿಸುವಾಗ, ಪ್ರತಿ ಎರಡರ ನಡುವೆ ಯಾವ ಮಾತು ಮುರಿಯಿತು, ಯಾವ ಸಿಟ್ಟು ಉಳಿಯಿತು ಎಂದೂ ಕೇಳಲಿ. ಅಂಕ ಸಿಗದಿದ್ದರೂ ಅರ್ಥ ಸಿಗುತ್ತದೆ.