ಪುಣೆಯ ತಾಂಬಟ ಆಳಿ: ಕಸುಬು, ಕೇರಿ ಮತ್ತು ಪುನಶ್ಚೇತನದ ಪ್ರಶ್ನೆ

ನಗರಗಳ ಹಳೆಯ ಕೇರಿಗಳನ್ನು ಅಲ್ಲಿನ ಕಲೆಗಳ ಮತ್ತು ಸಣ್ಣ ಉದ್ಯಮಗಳ ಮೂಲಕವೇ ಮರಳಿ ಚೇತನಗೊಳಿಸಬೇಕೆಂಬ ವಿಚಾರವು ಕಳೆದ ಕೆಲವು ದಶಕಗಳಿಂದ ನಗರ ಯೋಜಕರ ಹಾಗೂ ಸಂಸ್ಕೃತಿ ಚಿಂತಕರ ನಡುವೆ ಚರ್ಚೆಯಲ್ಲಿದೆ. ಆದರೆ ಹೀಗೆ ಚೇತನಗೊಳ್ಳುವುದು ಯಾವುದು, ಕಸುಬೋ, ಕಸುಬುದಾರನೋ, ಅವನು ವಾಸಿಸುವ ಕೇರಿಯೋ ಎಂಬ ಪ್ರಶ್ನೆಯನ್ನು ಬಿಡಿಸಿ ಕೇಳುವುದು ವಿರಳ. ಮೂರೂ ಒಂದೇ ಎಂದು ಭಾವಿಸಿ ಮುಂದುವರಿಯುವುದೇ ರೂಢಿಯಾಗಿದೆ. ಪುಣೆಯ ಕಸಬಾ ಪೇಠೆಯಲ್ಲಿರುವ ತಾಮ್ರದ ಕೆಲಸಗಾರರ ಓಣಿ, ಅಂದರೆ ತಾಂಬಟ ಆಳಿ, ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕಾದ ಅಗತ್ಯವನ್ನು ಮನಗಾಣಿಸುವ ನಿದರ್ಶನವಾಗಿದೆ. ಅದನ್ನು ಸಂಕ್ಷೇಪವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರಾಠಿ ನಗರವೊಂದರ ಕೇರಿಯನ್ನು ಕನ್ನಡ ಅಧ್ಯಯನದ ಪುಟಗಳಲ್ಲಿ ಏಕೆ ಚರ್ಚಿಸಬೇಕೆಂದು ಕೇಳಬಹುದು. ಮೊದಲನೆಯದಾಗಿ, ಮರಾಠಿಯ 'ಪೇಠ' ಮತ್ತು ಕನ್ನಡದ 'ಪೇಟೆ' ಒಂದೇ ಬಗೆಯ ನಗರ ರಚನೆಯನ್ನು ಸೂಚಿಸುವ ಮಾತುಗಳು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ಅಕ್ಕಿಪೇಟೆಗಳು ಕಸುಬಿನ ಅಥವಾ ಸರಕಿನ ಹೆಸರನ್ನು ಹೊತ್ತಿರುವಂತೆಯೇ ಪುಣೆಯಲ್ಲಿಯೂ ಕುಂಭಾರವಾಡಾ, ಬುರುಡ ಆಳಿ, ತಾಂಬಟ ಆಳಿಗಳಿವೆ. ಬುರುಡರೆಂದರೆ ನಮ್ಮ ಮೇದರು. ತಾಂಬಟರ ಕೆಲಸವನ್ನು ಹೋಲುವ ಕೆಲಸ ನಮ್ಮಲ್ಲಿ ಕಂಚುಗಾರರದು. ಎರಡನೆಯದಾಗಿ, ಉತ್ತರ ಕರ್ನಾಟಕಕ್ಕೂ ಪುಣೆಗೂ ಸರಕಿನ, ಸಂಗೀತದ ಮತ್ತು ವಲಸೆಯ ಸಂಬಂಧ ಬಹು ಹಳೆಯದು. ಹಂಡೆ, ಬಂಬ, ಕಲಾಯಿ ಎಂಬ ಮಾತುಗಳು ಧಾರವಾಡದ ಬಚ್ಚಲಿಗೂ ಪುಣೆಯ ಬಚ್ಚಲಿಗೂ ಸಮಾನವಾಗಿದ್ದವು. ಆದುದರಿಂದ ತಾಂಬಟ ಆಳಿಯ ಪ್ರಶ್ನೆ ನಮ್ಮ ಪೇಟೆಗಳ ಪ್ರಶ್ನೆಯೂ ಹೌದು.

ಕೇರಿಯ ಹಿನ್ನೆಲೆ

ಕಸಬಾ ಪುಣೆಯ ಅತ್ಯಂತ ಹಳೆಯ ವಸತಿ. ನಗರದ ಗ್ರಾಮದೇವತೆಯೆನಿಸಿದ ಕಸಬಾ ಗಣಪತಿಯ ಗುಡಿ ಇಲ್ಲಿದೆ. ಒಂದನೆಯ ಬಾಜೀರಾಯನು ಪುಣೆಯನ್ನು ತನ್ನ ಆಡಳಿತದ ನೆಲೆಯಾಗಿ ಮಾಡಿಕೊಂಡು, 1730ರಲ್ಲಿ ಶನಿವಾರ ವಾಡೆಯ ನಿರ್ಮಾಣವನ್ನು ಆರಂಭಿಸಿದ ಮೇಲೆ ಊರು ವೇಗವಾಗಿ ಬೆಳೆಯಿತು. ವಾರದ ಏಳು ದಿನಗಳ ಹೆಸರಿನ ಪೇಠೆಗಳು ಒಂದೊಂದಾಗಿ ನೆಲೆಗೊಂಡವು. ಈ ಬೆಳವಣಿಗೆಗೆ ಬೇಕಾದ ಕುಶಲಕರ್ಮಿಗಳು ಸುತ್ತಲ ಪ್ರದೇಶಗಳಿಂದ ಬಂದು ನೆಲೆಸಿದರು. ತಾಂಬಟರು ಕೊಂಕಣದಿಂದ ಬಂದವರೆಂಬುದು ಪರಂಪರೆಯ ನಂಬಿಕೆ. ಅವರು ತ್ವಷ್ಟಾ ಕಾಸಾರ ಸಮುದಾಯಕ್ಕೆ ಸೇರಿದವರು. ದೇವಶಿಲ್ಪಿಯಾದ ತ್ವಷ್ಟೃವಿನ ಹೆಸರನ್ನು ಸಮುದಾಯದ ಹೆಸರಾಗಿ ಉಳಿಸಿಕೊಂಡಿದ್ದಾರೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡಾಗ ಅರಮನೆಯ ಬೇಡಿಕೆ ನಿಂತಿತು; ಗೃಹಕೃತ್ಯದ ಪಾತ್ರೆಗಳೇ ಕಸುಬಿಗೆ ಆಧಾರವಾದವು. ನೀರು ಕಾಯಿಸುವ ಬಂಬ, ನೀರು ತುಂಬುವ ಹಂಡೆ, ಅಗಲ ಬಾಯಿಯ ಘಂಗಾಳ, ಅಡುಗೆಯ ಪಾತೇಲಿ ಇವು ಆಳಿಯ ಮುಖ್ಯ ಉತ್ಪನ್ನಗಳಾಗಿದ್ದವು. ಮದುವೆಯಾಗಿ ಹೋಗುವ ಮಗಳಿಗೆ ಪಾತ್ರೆ ಕೊಡುವ ಪದ್ಧತಿಯು ವರ್ಷವರ್ಷವೂ ಹೊಸ ಬೇಡಿಕೆಯನ್ನು ಒದಗಿಸುತ್ತಿತ್ತು.

ಕಸುಬಿನ ಕ್ರಮ

ಈ ಕಸುಬಿನ ತಾಂತ್ರಿಕ ಸ್ವರೂಪವನ್ನು ತಿಳಿಯದೆ ಅದರ ಆರ್ಥಿಕ ಬಿಕ್ಕಟ್ಟನ್ನು ತಿಳಿಯಲು ಸಾಧ್ಯವಿಲ್ಲ. ತಾಮ್ರದ ತಗಡನ್ನು ಅಳತೆಗೆ ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾ ಆಕಾರಕ್ಕೆ ತರಲಾಗುತ್ತದೆ. ಬಡಿದಂತೆ ತಾಮ್ರ ಗಡುಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆಗ ಅದನ್ನು ಕುಲುಮೆಯಲ್ಲಿ ಕಾಸಿ ಮತ್ತೆ ಮೆದುಗೊಳಿಸಬೇಕು. ಹೀಗೆ ಬಡಿಯುವುದು, ಕಾಸುವುದು ಹಲವು ಸಲ ಸರದಿಯಾಗಿ ನಡೆಯುತ್ತದೆ. ಭಾಗಗಳನ್ನು ಬೆಸೆದು, ಹುಳಿಯಿಂದ ತೊಳೆದು ಮೈಯನ್ನು ಶುಭ್ರಗೊಳಿಸಿದ ಮೇಲೆ ಕೊನೆಯ ಹಂತ 'ಮಠಾರಕಾಮ'. ನುಣುಪಾದ ಮುಖದ ಸುತ್ತಿಗೆಯಿಂದ ಒಂದರ ಪಕ್ಕದಲ್ಲಿ ಒಂದರಂತೆ, ಸಮನಾದ ಬಲದಿಂದ, ಸಾಲುಸಾಲಾಗಿ ಏಟುಗಳನ್ನು ಹಾಕುವುದೇ ಈ ಕೆಲಸ. ಪ್ರತಿಯೊಂದು ಏಟೂ ಸಣ್ಣ ಕನ್ನಡಿಯಂತಹ ಗುರುತನ್ನು ಬಿಡುತ್ತದೆ.

ಇದನ್ನು ಅಲಂಕಾರವೆಂದು ಮಾತ್ರ ಭಾವಿಸಲಾಗದು. ಕೊನೆಯ ಸಲ ಕಾಸಿ ಮೆತ್ತಗಾದ ಲೋಹವು ಈ ಏಟುಗಳಿಂದಲೇ ಮತ್ತೆ ಗಡುಸಾಗಿ, ತೆಳುವಾದ ಪಾತ್ರೆಯೂ ತನ್ನ ಆಕಾರವನ್ನು ಕಾಯ್ದುಕೊಳ್ಳುತ್ತದೆ. ಅಂದರೆ ಪಾತ್ರೆಯ ಅಂದಕ್ಕೂ ಬಾಳಿಕೆಗೂ ಕಾರಣ ಒಂದೇ. ಏಟಿನ ಸಮತೆ ಕೈಯ ಅಭ್ಯಾಸದಿಂದ ಬರುವಂತಹುದು. ಅದನ್ನು ಕಲಿಯಲು ವರ್ಷಗಳು ಬೇಕು. ಈ ಕಲಿಕೆ ನಡೆಯುತ್ತಿದ್ದುದು ಮನೆಯ ಪಡಸಾಲೆಯಲ್ಲಿ, ಹಿರಿಯರ ಪಕ್ಕದಲ್ಲಿ ಕುಳಿತು. ಮನೆ ಮತ್ತು ಕಾರ್ಖಾನೆ ಒಂದೇ ಸೂರಿನಡಿ ಇದ್ದುದು ಈ ದೃಷ್ಟಿಯಿಂದ ಆಕಸ್ಮಿಕವಲ್ಲ.

ಬೇಡಿಕೆಯ ಕುಸಿತ

ಇಪ್ಪತ್ತನೆಯ ಶತಮಾನದಲ್ಲಿ ಮೊದಲು ಅಲ್ಯೂಮಿನಿಯಂ, ಬಳಿಕ ಸ್ಟೇನ್‌ಲೆಸ್ ಸ್ಟೀಲ್ ಅಡುಗೆಮನೆಯನ್ನು ಪ್ರವೇಶಿಸಿದವು. ತಾಮ್ರದ ಪಾತ್ರೆಯಲ್ಲಿ ಹುಳಿಯ ಪದಾರ್ಥ ಇಟ್ಟರೆ ಕಿಲುಬು ಹಿಡಿಯುವುದರಿಂದ ಒಳಮೈಗೆ ತವರದ ಕಲಾಯಿ ಹಾಕಿಸಬೇಕು. ಅದು ಸವೆದಂತೆ ಮತ್ತೆ ಹಾಕಿಸಬೇಕು. ಉಕ್ಕಿನ ಪಾತ್ರೆಗೆ ಈ ತೊಡಕಿಲ್ಲ. ನಲ್ಲಿ ಬಂದುದರಿಂದ ಹಂಡೆಯೂ, ಅನಿಲದ ಮತ್ತು ವಿದ್ಯುತ್ತಿನ ಗೀಜರುಗಳು ಬಂದುದರಿಂದ ಬಂಬವೂ ನಿತ್ಯದ ಬಳಕೆಯಿಂದ ದೂರವಾದವು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ಪ್ರವಾಹವು ದಂಡೆಯ ಹಳೆಯ ಪೇಠೆಗಳಿಗೆ ನುಗ್ಗಿತು. ಆ ಬಳಿಕ ನಗರದ ವಿಸ್ತರಣೆ ನದಿಯಾಚೆಯ ಹೊಸ ಬಡಾವಣೆಗಳತ್ತ ಇನ್ನಷ್ಟು ಸಾಗಿತು.

ಇವುಗಳೊಂದಿಗೆ ಬೆಲೆಯ ಲೆಕ್ಕವೂ ಕಸುಬುದಾರನಿಗೆ ಪ್ರತಿಕೂಲವಾಗಿತ್ತು. ಪಾತ್ರೆಯ ವ್ಯಾಪಾರದಲ್ಲಿ ತೂಕವೇ ಪ್ರಧಾನ. ದೊಡ್ಡ ಹಂಡೆಯ ಬೆಲೆಯಲ್ಲಿ ಬಹುಪಾಲು ಲೋಹದ ಬೆಲೆ; ಮಜೂರಿ ಅದರ ಸಣ್ಣ ಅಂಶ. ಲೋಹದ ಬೆಲೆ ಏರಿದಾಗ ಗ್ರಾಹಕ ಹಿಂಜರಿಯುತ್ತಾನೆ, ವ್ಯಾಪಾರಿ ಮಜೂರಿಯನ್ನು ಹಿಂಡುತ್ತಾನೆ. ಸಾವಿರಾರು ಏಟುಗಳ ಮಠಾರಕಾಮಕ್ಕೆ ತೂಕದ ತಕ್ಕಡಿಯಲ್ಲಿ ಸ್ಥಾನವಿಲ್ಲ. ಮಕ್ಕಳು ಈ ಕೆಲಸಕ್ಕೆ ಬರುವುದನ್ನು ತಂದೆತಾಯಂದಿರೇ ಬಯಸದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಪುನಶ್ಚೇತನದ ಪ್ರಯತ್ನ

ಪ್ರಸಕ್ತ ಶತಮಾನದ ಮೊದಲ ದಶಕದಲ್ಲಿ, 1984ರಲ್ಲಿ ಸ್ಥಾಪಿತವಾದ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ಪುಣೆ ಶಾಖೆಯು ತಾಂಬಟ ಆಳಿಯ ಕಸುಬನ್ನು ಕುರಿತು ಕಾರ್ಯಯೋಜನೆಯೊಂದನ್ನು ಕೈಗೊಂಡಿತು. ಪುಣೆಯ ಫೋರ್ಬ್ಸ್ ಮಾರ್ಷಲ್ ಉದ್ಯಮವು ಇದಕ್ಕೆ ನೆರವಾಯಿತು. ವಿನ್ಯಾಸದ ಹೊಣೆ ಹೊತ್ತವರಲ್ಲಿ ರಶ್ಮಿ ರಾನಡೆಯವರು ಪ್ರಮುಖರು. ಈ ಕೆಲಸದ ಮುಂದುವರಿಕೆಯಾಗಿ 'ಸ್ಟುಡಿಯೊ ಕಾಪ್ರೆ' ಎಂಬ ಸಂಸ್ಥೆ ರೂಪುಗೊಂಡು, ಆಳಿಯ ಕುಶಲಕರ್ಮಿಗಳು ತಯಾರಿಸಿದ ವಸ್ತುಗಳನ್ನು ಹೊಸ ಗ್ರಾಹಕರಿಗೆ ತಲುಪಿಸತೊಡಗಿತು.

ಈ ಪ್ರಯತ್ನದ ತಿರುಳು ಸರಳವಾದುದು. ಹಂಡೆ ಬಂಬಗಳ ಬದಲು ಲೋಟ, ತಟ್ಟೆ, ದೀಪ, ಹೂದಾನಿ, ನೀರಿನ ಹೂಜಿಗಳಂತಹ ಚಿಕ್ಕ ವಸ್ತುಗಳು. ತೂಕದ ಬೆಲೆಯ ಬದಲು ಬಿಡಿ ವಸ್ತುವಿನ ಬೆಲೆ. ಹಳೆಯ ಪಾತ್ರೆಯಲ್ಲಿ ಅಂಚಿನ ಅಲಂಕಾರವೆಂದು ತೋರುತ್ತಿದ್ದ ಮಠಾರಕಾಮವೇ ಇಲ್ಲಿ ವಸ್ತುವಿನ ಗುರುತಾಯಿತು. ಚಿಕ್ಕ ವಸ್ತುವಿನಲ್ಲಿ ಲೋಹದ ಪಾಲು ಕಡಿಮೆ, ಕೈಗೆಲಸದ ಪಾಲು ಹೆಚ್ಚು. ಆದುದರಿಂದ ಗ್ರಾಹಕನು ಕೊಡುವ ಹಣದಲ್ಲಿ ಕೆಲಸಗಾರನಿಗೆ ಸಲ್ಲಬಹುದಾದ ಅಂಶವೂ ಹಿಗ್ಗುತ್ತದೆ. ವಿನ್ಯಾಸವೆಂಬುದು ಇಲ್ಲಿ ಕೇವಲ ರೂಪದ ಬದಲಾವಣೆಯಲ್ಲ, ಲೆಕ್ಕದ ಬದಲಾವಣೆಯೂ ಹೌದು. ಕಸುಬು ಮತ್ತು ಕಸುಬುದಾರ ಎಂಬ ಎರಡು ಅಂಶಗಳಿಗೆ ಸಂಬಂಧಿಸಿದಂತೆ ಈ ಪ್ರಯತ್ನವನ್ನು ಸಾರ್ಥಕವೆಂದೇ ನಾವು ಪರಿಗಣಿಸುತ್ತೇವೆ.

ಕೇರಿಯ ಪ್ರಶ್ನೆ

ಉಳಿಯುವುದು ಮೂರನೆಯ ಅಂಶ. ಹಳೆಯ ವಾಡೆಗಳು ಶಿಥಿಲವಾದಂತೆ ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುವುದು ಪುಣೆಯ ಎಲ್ಲ ಪೇಠೆಗಳಲ್ಲಿಯೂ ಕಾಣುವ ಸಂಗತಿ. ವಾಡೆಯಲ್ಲಿ ವಾಸಿಸುವವರಿಗೆ ಗಟ್ಟಿಯಾದ ಮನೆ, ಸ್ವಂತ ಶೌಚಾಲಯ, ಸರಿಯಾದ ನೀರು ಬೇಕೆಂಬುದು ನ್ಯಾಯವಾದ ಅಪೇಕ್ಷೆ. ಪರಂಪರೆಯ ಹೆಸರಿನಲ್ಲಿ ಅದನ್ನು ತಡೆಯುವ ಹಕ್ಕು ಹೊರಗಿನವರಿಗಿಲ್ಲ. ಆದರೆ ತಾಮ್ರ ಬಡಿಯುವ ಕೆಲಸಕ್ಕೆ ನೆಲಮಟ್ಟದ ಜಾಗವೇ ಬೇಕು. ಅಡಿಗಲ್ಲು ನೆಲದಲ್ಲಿ ನಾಟಿರಬೇಕು, ಕುಲುಮೆಯ ಹೊಗೆ ಹೊರಹೋಗಬೇಕು, ಸದ್ದನ್ನು ನೆರೆಹೊರೆ ಸಹಿಸಬೇಕು. ಮೂರನೆಯ ಮಹಡಿಯ ಚಪ್ಪಡಿಯ ಮೇಲೆ ಇವು ಯಾವುವೂ ಸಾಧ್ಯವಿಲ್ಲ. ಹೊಸ ಕಟ್ಟಡದ ನೆಲಮಟ್ಟವು ಅಂಗಡಿಗೋ ವಾಹನ ನಿಲುಗಡೆಗೋ ಮೀಸಲಾದರೆ ಕುಟುಂಬ ಅಲ್ಲಿಯೇ ಉಳಿದರೂ ಕಸುಬು ಹೊರಗೆ ಹೋಗಬೇಕಾಗುತ್ತದೆ. ತಾಮ್ರದ ವಸ್ತುವಿಗೆ ಬೇಡಿಕೆ ಹೆಚ್ಚಿದರೂ, ಜಾಗದ ಬೆಲೆ ಹೆಚ್ಚಿದರೂ, ಎರಡರ ಫಲವೂ ಕೇರಿಯ ಕಸುಬಿಗೆ ದಕ್ಕದೆ ಹೋಗಬಹುದು. 2024ರ ಸೆಪ್ಟೆಂಬರಿನಲ್ಲಿ ಮೆಟ್ರೊ ರೈಲಿನ ಸುರಂಗ ಮಾರ್ಗ ಕಸಬಾ ಪೇಠೆಯ ನಿಲ್ದಾಣದೊಂದಿಗೆ ತೆರೆದ ಮೇಲೆ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಪ್ರೇಕ್ಷಕರನ್ನು ಆಳಿಯ ಬಾಗಿಲಿಗೆ ತರುವ ಸೌಕರ್ಯವೇ ಅಲ್ಲಿನ ಜಾಗದ ಬೆಲೆಯನ್ನೂ ಏರಿಸಬಲ್ಲುದು.

ಕಲೆಯಿಂದ ಕೇರಿ ಉಳಿಯುತ್ತದೆಯೆಂಬ ವಾದವನ್ನು ಪರೀಕ್ಷಿಸಲು ಕನ್ನಡಿಗರಿಗೆ ಆಪ್ತವಾದ ಇನ್ನೊಂದು ಪುಣೆಯ ಉದಾಹರಣೆಯನ್ನು ಇಲ್ಲಿ ಸ್ಮರಿಸಬಹುದು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ನಿಧನರಾದ ಮೇಲೆ, ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು ಆರ್ಯ ಸಂಗೀತ ಪ್ರಸಾರಕ ಮಂಡಲದ ಮೂಲಕ 1953ರಿಂದ ಪುಣೆಯಲ್ಲಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದರು. ಬಹುಕಾಲ ಅದು ಹಳೆಯ ಪೇಠೆಗಳ ನಡುವಿನ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯಿತು. 2018ರಲ್ಲಿ ಉತ್ಸವವು ಮುಕುಂದನಗರಕ್ಕೆ ಸ್ಥಳಾಂತರಗೊಂಡಿತು. ಶ್ರೋತೃಗಳೂ ಅಲ್ಲಿಗೆ ಹೋದರು. ಉತ್ಸವಕ್ಕೆ ಕುಂದು ಬರಲಿಲ್ಲ. ಸಂಗೀತೋತ್ಸವವು ಮೈದಾನವನ್ನು ಬದಲಿಸಿಯೂ ತನ್ನತನವನ್ನು ಉಳಿಸಿಕೊಳ್ಳಬಲ್ಲುದು. ತಾಂಬಟರ ಕೆಲಸ ಹಾಗಲ್ಲ. ತಗಡು ತರುವವನು, ಬೆಸೆಯುವವನು, ಕಲಾಯಿಯವನು, ಮಠಾರದವನು ಕೂಗಳತೆಯಲ್ಲಿ ಇರುವುದರಿಂದಲೇ ಆ ಕಸುಬು ಸಣ್ಣ ಬಂಡವಾಳದಲ್ಲಿ ನಡೆಯುತ್ತದೆ. ಅವರನ್ನು ನಗರದ ಅಂಚಿನ ಕೈಗಾರಿಕಾ ವಸಾಹತಿಗೆ ಬಿಡಿಬಿಡಿಯಾಗಿ ಸಾಗಿಸಿದರೆ ಒಬ್ಬೊಬ್ಬ ಕೆಲಸಗಾರ ಉಳಿದಾನು, ಕಸುಬಿನ ಜಾಲ ಉಳಿಯದು.

ಪಂಜಾಬಿನ ಜಂಡಿಯಾಲಾ ಗುರು ಊರಿನ ಠಠೇರರ ಹಿತ್ತಾಳೆ ತಾಮ್ರದ ಪಾತ್ರೆ ಕೆಲಸವನ್ನು ಯುನೆಸ್ಕೊ 2014ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಬೀದರಿನ ಬಿದರಿ ಕೆಲಸಕ್ಕೂ ಚನ್ನಪಟ್ಟಣದ ಆಟಿಕೆಗಳಿಗೂ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಇಂತಹ ಮನ್ನಣೆಗಳು ಹೆಸರನ್ನು ರಕ್ಷಿಸುತ್ತವೆ, ಕುಶಲತೆಗೆ ಗೌರವ ತರುತ್ತವೆ. ಆದರೆ ಯಾವ ಓಣಿಯ ಯಾವ ನೆಲಮಹಡಿಯಲ್ಲಿ ಕುಲುಮೆ ಉರಿಯಬಹುದೆಂಬುದನ್ನು ಅವು ನಿರ್ಧರಿಸುವುದಿಲ್ಲ. ಅದು ನಗರಪಾಲಿಕೆಯ ಕಟ್ಟಡ ನಿಯಮದ ಮತ್ತು ಬಾಡಿಗೆ ಕರಾರಿನ ವಿಷಯ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಹೊಸ ವಿನ್ಯಾಸ ಮತ್ತು ಹೊಸ ಮಾರುಕಟ್ಟೆ ಕಸುಬನ್ನು ಎತ್ತಿ ಹಿಡಿಯಬಲ್ಲವು. ಕೇರಿಯನ್ನು ಉಳಿಸಬೇಕಾದರೆ ದುಡಿಮೆಯ ನೆಲವನ್ನು ಉಳಿಸಬೇಕು. ಹಳೆಯ ವಾಡೆಯ ಪುನರ್ನಿರ್ಮಾಣಕ್ಕೆ ಅನುಮತಿ ನೀಡುವಾಗ, ಅಲ್ಲಿ ಮೊದಲೇ ನಡೆಯುತ್ತಿದ್ದ ಕಸುಬಿಗೆ ನೆಲಮಟ್ಟದಲ್ಲಿ ಜಾಗವನ್ನು ಮೀಸಲಿಡುವುದು, ಹೊಗೆಯಿಲ್ಲದ ಕುಲುಮೆಗೆ ನೆರವಾಗುವುದು, ಸಾಮೂಹಿಕ ಕಾರ್ಯಾಗಾರವನ್ನು ಆಳಿಯ ಒಳಗೇ ಒದಗಿಸುವುದು ಇವು ಅಸಾಧ್ಯವಾದ ಕ್ರಮಗಳಲ್ಲ. ಪರಂಪರೆಯ ನಡಿಗೆಗಳಿಗೆ ಬರುವ ಪ್ರೇಕ್ಷಕರಿಗೂ ನೋಡಲು ಏನಾದರೂ ಉಳಿದಿರಬೇಕಾದರೆ ಇವು ಅವಶ್ಯಕ.

ಹೊರನಾಡಿನ ಕನ್ನಡ ಸಂಶೋಧಕರು ಇಲ್ಲಿ ಮಾಡಬಹುದಾದ ಕೆಲಸವೂ ಉಂಟು. ಬೆಳಗಾವಿ, ಮೀರಜ, ಸೊಲ್ಲಾಪುರ, ಪುಣೆಗಳ ಲೋಹದ ಕೆಲಸಗಾರರ ಉಪಕರಣಗಳ, ಪಾತ್ರೆಗಳ ಹಾಗೂ ಕ್ರಿಯೆಗಳ ಹೆಸರುಗಳನ್ನು ಕನ್ನಡ ಮತ್ತು ಮರಾಠಿಗಳೆರಡರಲ್ಲಿಯೂ ಸಂಗ್ರಹಿಸಿದರೆ ಎರಡು ಭಾಷೆಗಳ ಕೊಡುಕೊಳೆಯ ದೊಡ್ಡದೊಂದು ಅಧ್ಯಾಯ ತೆರೆದುಕೊಳ್ಳುತ್ತದೆ. ಬೆಳಗಾವಿಯ ಬೋಗಾರ್‌ವೇಸಿನಂತಹ ಸ್ಥಳನಾಮಗಳು ಪಾತ್ರೆ ವ್ಯಾಪಾರಿಗಳಾದ ಬೋಗಾರರ ನೆನಪನ್ನು ಉಳಿಸಿಕೊಂಡಿರುವುದನ್ನೂ ಈ ದೃಷ್ಟಿಯಿಂದ ಪರಿಶೀಲಿಸಬೇಕು. ಕಸುಬು ನಿಂತ ಕಡೆ ಹೆಸರು ಮಾತ್ರ ಉಳಿದು, ಕ್ರಿಯಾಪದಗಳು ಮೊದಲು ಮರೆಯಾಗುತ್ತವೆ. ಸುತ್ತಿಗೆಯ ಸದ್ದು ಇನ್ನೂ ಕೇಳುವ ಕಡೆ ಈ ಸಂಗ್ರಹಕಾರ್ಯವನ್ನು ವಿಳಂಬವಿಲ್ಲದೆ ಕೈಗೊಳ್ಳುವುದು ಅಗತ್ಯ.